ಕೂಗದ ಸೈರನ್

ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಗ್ಯಾಸ್ ಸೋರಿದರೆ ಸೈರನ್ ಕೂಗಿಸುವ ಪ್ರೋಗ್ರಾಮ್ ನಮ್ಮ ಪುಣೆ ಆಫೀಸಿನದು. ಅದರ ತಪಾಸಣೆಗೆ ನಾನೂ ಟೀಮ್ ಲೀಡ್ ಮಹೇಶನೂ ಹೋಗಿದ್ದೆವು. ಸಿಸ್ಟಮ್ ಆನ್ ಮಾಡಿದ ಕೂಡಲೇ ಸೈರನ್ ಕೂಗಿತು.

"ವರ್ಕ್ ಆಗ್ತಿದೆ ಬಿಡು, ಹೊರಡೋಣ" ಅಂದ ಮಹೇಶ.

ನಾನು ಸೆನ್ಸರಿಗೆ ಪರೀಕ್ಷೆಯ ಗ್ಯಾಸ್ ಹಿಡಿದೆ. ಸದ್ದೇ ಇಲ್ಲ. ಅಲ್ಲಿನ ಆಪರೇಟರ್ ಬಸಣ್ಣ ಬೆಚ್ಚಿದರು. "ಇದನ್ನ ನಂಬಕೊಂಡು ನಾವು ಒಳಗ ಕೆಲಸಾ ಮಾಡತಿದ್ವಿ ಏನ್ರೀ?"

ಕೋಡ್ ನೋಡಿದವನಿಗೆ ಮೈಯೆಲ್ಲ ಉರಿಯಿತು. ಗ್ಯಾಸ್ ಬಂದಾಗ ಓಡಿಸಿಕೋ ಎಂದು ಸೈರನ್ ಕೂಗಿಸುವ ಫಂಕ್ಷನ್ನನ್ನು, ಅಂದರೆ ಆ ಕೋಡಿನ ತುಣುಕನ್ನು, ಹಾಗೇ ಸೆನ್ಸರಿನ ಕೈಗೆ ಕೊಡಬೇಕಿತ್ತು. ಅದಕ್ಕೆ ಹೆಸರೊಂದೇ ಸಾಕು. ಕೋಡ್ ಬರೆದ ಮಹೇಶ ಆ ಹೆಸರಿನ ಮುಂದೆ 'ಈಗಲೇ ಓಡು' ಎಂದು ಹೇಳುವ ಬ್ರ್ಯಾಕೆಟ್ ಜೋಡಿ ಹಾಕಿದ್ದ. ಹಾಗಾಗಿ ಸಿಸ್ಟಮ್ ಆನ್ ಮಾಡಿದಾಗಲೇ ಫಂಕ್ಷನ್ ಓಡಿ ಮುಗಿಯುತ್ತಿತ್ತು, ಸೆನ್ಸರಿಗೆ ಏನೂ ಸಿಗುತ್ತಿರಲಿಲ್ಲ.

"ಎರಡು ಬ್ರ್ಯಾಕೆಟ್ ಕಣೋ, ಅಷ್ಟಕ್ಕೆ ಯಾಕಿಷ್ಟು ಟೆನ್ಷನ್?" ಅಂದ ಮಹೇಶ.

"ಆ ಮಾತನ್ನ ಬಸಣ್ಣನವರ ಮುಖ ನೋಡ್ಕೊಂಡು ಹೇಳು!" ಎಂದು ಕಿರುಚಿದೆ. ಅವನು ಫೋನ್ ನೋಡತೊಡಗಿದ.

ನಾನೇ ಬ್ರ್ಯಾಕೆಟ್ ಅಳಿಸಿ ಮತ್ತೆ ಗ್ಯಾಸ್ ಹಿಡಿದೆ. ಸೈರನ್ ಕಿವಿಗಡಚಿಕ್ಕುವಂತೆ ಕೂಗಿತು. ಬಸಣ್ಣ ನಗಲಿಲ್ಲ, ಹೋಗಿ ಗೋಡೆಗೊರಗಿ ಕೂತರು.

ಮಹೇಶ ಮೇಲಿನವರಿಗೆ ಕಳಿಸಿದ ಮೇಲ್‌ನಲ್ಲಿ ಇದು 'ಸಣ್ಣ ಸ್ಪೆಲ್ಲಿಂಗ್ ಮಿಸ್ಟೇಕ್' ಆಗಿತ್ತು. ಅದೇ ಮೇಲ್‌ನಲ್ಲಿ ನನ್ನ ಹೆಸರಿನ ಸ್ಪೆಲ್ಲಿಂಗೂ ತಪ್ಪಿತ್ತು.