ತನ್ನ ರಕ್ತವನ್ನು ತಾನೇ ಓದಿದ ಶೆರ್ಲಿನ್

ಒಮಾನಿನ ಸೂರ್ ಪಟ್ಟಣದಲ್ಲಿ ನಮ್ಮ ಎದುರು ಮನೆಯವರು ಮಂಗಳೂರಿನ ಫ್ರೆಡ್ಡಿ ಮತ್ತು ಪ್ಯಾಟ್ರಿಷಿಯಾ. ಫ್ರೆಡ್ಡಿಯವರದು ಗ್ಯಾಸ್ ಪ್ಲಾಂಟಿನಲ್ಲಿ ಟೆಕ್ನೀಶಿಯನ್ ಕೆಲಸ. ಅವರ ಮಗಳು ಶೆರ್ಲಿನ್ ನನ್ನ ಕಣ್ಣೆದುರೇ ಬೆಳೆದವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಮೈಸೂರಿನವಳಾದ ನನ್ನ ಹತ್ತಿರ ಮಾತ್ರ ಕನ್ನಡ. ಡಾಕ್ಟರಾಗಬೇಕೆಂದು ಓದಿದಳು, ಸೀಟು ಸಿಗಲಿಲ್ಲ. ಮಸ್ಕತ್ತಿನ ವಿಶ್ವವಿದ್ಯಾಲಯವೊಂದರಲ್ಲಿ ಬಯೋಮೆಡಿಕಲ್ ಸೈನ್ಸ್ ಸೇರಿದಳು. ಚರ್ಚಿನಲ್ಲಿ ಯಾರಾದರೂ ಮಗಳೇನು ಓದುತ್ತಾಳೆ ಎಂದು ಕೇಳಿದರೆ ಪ್ಯಾಟ್ರಿಷಿಯಾ ‘ಮೆಡಿಕಲ್ ಲೈನಿನಲ್ಲೇ’ ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ಮೊದಲ ವರ್ಷ ಶೆರ್ಲಿನ್‌ಗೂ ಆ ಓದು ಹಿಡಿಸಲಿಲ್ಲ. ರಜೆಗೆ ಬಂದಾಗ ಬಾಯಿ ಬಿಡುತ್ತಿರಲಿಲ್ಲ. ಎರಡನೆಯ ವರ್ಷದಲ್ಲಿ ಅವಳ ಮಾತು ತಿರುಗಿತು. ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆಯುವುದು ಹೇಗೆ, ಬಣ್ಣ ಹಾಕಿದ ಮೇಲೆ ಬಿಳಿಯ ಕಣ ಯಾವುದೆಂದು ಗುರುತಿಸುವುದು ಹೇಗೆ ಎಂದು ನನ್ನ ಅಡುಗೆಮನೆಯಲ್ಲಿ ನಿಂತು ವಿವರಿಸುತ್ತಿದ್ದಳು. ನನಗೆ ಅರ್ಧ ಅರ್ಥವಾಗುತ್ತಿತ್ತು, ಆದರೆ ಆ ಮುಖ ನೋಡುವುದೇ ಒಂದು ಸಂತೋಷವಾಗಿತ್ತು.

ಲ್ಯಾಬಿನಲ್ಲಿ ಅವಳ ಜೊತೆಗಾತಿ ಒಮಾನಿನ ಉತ್ತರ ತುದಿಯ ಖಸಬ್ ಊರಿನ ಹುಡುಗಿ ಥುರಯ್ಯಾ. ಥುರಯ್ಯಾಳ ಅಕ್ಕನ ಮಗುವಿಗೆ ಥಲಸ್ಸೇಮಿಯಾ. ಮೈಯಲ್ಲಿ ಸರಿಯಾದ ರಕ್ತ ಹುಟ್ಟುವುದೇ ಇಲ್ಲ, ಹೊರಗಿನಿಂದ ರಕ್ತ ಕೊಡುತ್ತಲೇ ಇರಬೇಕು. ಆ ಪುಟ್ಟ ಹುಡುಗಿಯನ್ನು ಮಸ್ಕತ್ತಿಗೆ ಕರೆತಂದಾಗಲೆಲ್ಲ ಶೆರ್ಲಿನ್ ಕೂಡ ಆಸ್ಪತ್ರೆಗೆ ಹೋಗಿ ಹಾಸಿಗೆಯ ಪಕ್ಕ ಕೂತು ಚಿತ್ರ ಬರೆದುಕೊಡುತ್ತಿದ್ದಳಂತೆ.

ಮೂರನೆಯ ವರ್ಷ, ರಕ್ತಶಾಸ್ತ್ರದ ಪ್ರಾಕ್ಟಿಕಲ್. ಪ್ರತಿಯೊಬ್ಬರೂ ತಮ್ಮದೇ ರಕ್ತದ ಸ್ಲೈಡ್ ಮಾಡಿ ನೋಡಬೇಕಿತ್ತು. ಥುರಯ್ಯಾ ಅವಳ ಬೆರಳು ಚುಚ್ಚಿದಳು, ಶೆರ್ಲಿನ್ ಸ್ಲೈಡ್ ಮಾಡಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಕೆಂಪು ಕಣಗಳು ಇರಬೇಕಾದದ್ದಕ್ಕಿಂತ ಸಣ್ಣವು, ಬಣ್ಣಗೆಟ್ಟವು. ಅಧ್ಯಾಪಕಿ ಬಂದು ನೋಡಿ, ಕಬ್ಬಿಣಾಂಶ ಕಡಿಮೆ ಇರಬಹುದು, ಹುಡುಗಿಯರಲ್ಲಿ ಇದು ಸಾಮಾನ್ಯ ಎಂದರು. ಬೇರೆ ಯಾರಾದರೂ ಆಗಿದ್ದರೆ ಮಾತ್ರೆ ನುಂಗಿ ಮರೆತುಬಿಡುತ್ತಿದ್ದರು. ಇವಳು ಕಬ್ಬಿಣಾಂಶದ ಪರೀಕ್ಷೆ ಮಾಡಿಸಿದಳು. ಅದು ಸರಿಯಾಗಿಯೇ ಇತ್ತು. ಹಾಗಾದರೆ ಕಣಗಳು ಯಾಕೆ ಹೀಗಿವೆ ಎಂದು ಮತ್ತೆ ಅಧ್ಯಾಪಕಿಯ ಮುಂದೆ ನಿಂತಳು. ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆಗೆ ಅವರೇ ಏರ್ಪಾಡು ಮಾಡಿದರು. ಉತ್ತರ ಬಂತು: ಶೆರ್ಲಿನ್ ಥಲಸ್ಸೇಮಿಯಾದ ವಾಹಕಿ.

ವಾಹಕರಿಗೆ ಕಾಯಿಲೆಯೇನೂ ಇಲ್ಲ, ಎಲ್ಲರಂತೆ ಬದುಕುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ಮಗುವಿಗೆ ಆ ಕಾಯಿಲೆ ಬರಬಹುದು. ಶೆರ್ಲಿನ್‌ಗೆ ತನ್ನ ಚಿಂತೆ ಆಗಲಿಲ್ಲ. ಅವಳಿಗೆ ನೆನಪಾದದ್ದು ಅಣ್ಣ ಟೆರೆನ್ಸ್. ಅವನು ಮಸ್ಕತ್ತಿನ ಖುರುಮ್‌ನಲ್ಲಿ ಒಂದು ಆಫೀಸಿನಲ್ಲಿದ್ದ. ಊರಿನಲ್ಲಿ ಪ್ರಿನ್ಸಿ ಎಂಬ ಹುಡುಗಿಯ ಜೊತೆ ನಿಶ್ಚಿತಾರ್ಥವಾಗಿತ್ತು, ಕ್ರಿಸ್‌ಮಸ್ ಕಳೆದ ಮೇಲೆ ಮದುವೆ.

ವಾರದ ಕೊನೆಗೆ ಅವಳು ಸೂರ್‌ಗೆ ಬಂದಳು. ನಾನೂ ಅವರ ಮನೆಯಲ್ಲೇ ಇದ್ದೆ. ಅಣ್ಣ, ಡ್ಯಾಡಿ, ಮಮ್ಮಿ ಎಲ್ಲರೂ ಪರೀಕ್ಷೆ ಮಾಡಿಸಬೇಕು, ಅಣ್ಣನಿಗೂ ಇದ್ದರೆ ಪ್ರಿನ್ಸಿಯೂ ಮಾಡಿಸಬೇಕು ಎಂದಳು. ಪ್ಯಾಟ್ರಿಷಿಯಾ ಕೆಂಪಾದರು.

“ಮದುವೆ ಗೊತ್ತಾದ ಹುಡುಗಿಗೆ ರಕ್ತ ಟೆಸ್ಟ್ ಮಾಡ್ಸು ಅಂತ ಹೇಳುದಾ? ಅವರ ಮನೆಯವರು ಎಂತ ಗ್ರಹಿಸಿಯಾರು? ನಾಳೆ ನಿನಗೂ ಹುಡುಗ ಸಿಗ್ಲಿಕ್ಕಿಲ್ಲ, ನೋಡು.”

“ನನಗೆ ಇದನ್ನು ಕೇಳಿ ಓಡಿ ಹೋಗುವ ಹುಡುಗ ಬೇಡ ಮಮ್ಮಿ,” ಎಂದಳು ಶೆರ್ಲಿನ್. ದನಿ ಏರಿರಲಿಲ್ಲ.

ಆಗ ಫ್ರೆಡ್ಡಿ ಹೇಳತೊಡಗಿದರು. ತನಗೊಬ್ಬಳು ತಂಗಿ ಇದ್ದಳು, ಲಿಲ್ಲಿ ಅಂತ. ಹುಟ್ಟಿ ಕೆಲವು ತಿಂಗಳಿಗೇ ಬಿಳಿಚಿಕೊಂಡಳು, ಹೊಟ್ಟೆ ಊದಿತು. ಮೈಯಲ್ಲಿ ರಕ್ತ ನಿಲ್ಲದ ಮಗು ಎಂದು ಊರವರು ಹೇಳುತ್ತಿದ್ದರು. ಶಾಲೆಗೆ ಹೋಗುವ ಮೊದಲೇ ತೀರಿಕೊಂಡಳು. ಇಷ್ಟು ಹೇಳಿ ಅವರು ಮಗಳ ಕಡೆ ನೋಡಿದರು.

“ಅದು ಇದೇನಾ?”

“ಈಗ ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ ಡ್ಯಾಡಿ. ಇದ್ದಿರಬಹುದು.”

ಪ್ಯಾಟ್ರಿಷಿಯಾ ಆ ತಂಗಿಯ ವಿಷಯವನ್ನು ಇಷ್ಟು ವರ್ಷದಲ್ಲಿ ಕೇಳಿಯೇ ಇರಲಿಲ್ಲ. ಗಂಡನ ಪಕ್ಕ ಹೋಗಿ ಕೂತರು. ಆಮೇಲೆ ಬೇಡ ಎನ್ನಲಿಲ್ಲ.

ಫ್ರೆಡ್ಡಿ ವಾಹಕ, ಟೆರೆನ್ಸ್ ಕೂಡ. ಟೆರೆನ್ಸ್ ತಾನೇ ಪ್ರಿನ್ಸಿಗೆ ಫೋನ್ ಮಾಡಿ ತಿಳಿಸಿದ. ಅವಳು ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಳು. ಅವಳದೂ ಅದೇ ಉತ್ತರ. ಎರಡೂ ಮನೆಗಳಲ್ಲಿ ಒಂದು ವಾರ ಸರಿಯಾಗಿ ಯಾರೂ ಊಟ ಮಾಡಿರಲಿಕ್ಕಿಲ್ಲ. ಪ್ರಿನ್ಸಿಗೆ ತಂದೆಯಿಲ್ಲ, ಮದುವೆಯ ಮಾತೆಲ್ಲ ಅವಳ ಸೋದರಮಾವ ಡ್ಯಾನಿಯಲ್ ಅವರದು. ಸಂಬಂಧವೇ ಬೇಡ ಎಂದು ಅವರು ಪಟ್ಟು ಹಿಡಿದರು. ವಿಡಿಯೋ ಕಾಲಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಶೆರ್ಲಿನ್‌ಳನ್ನೇ ಕೇಳಿದರು:

“ನೀನು ಡಾಕ್ಟರಾ?”

“ಅಲ್ಲ ಅಂಕಲ್. ನಾನು ಲ್ಯಾಬಿನಲ್ಲಿ ಕಲಿಯುವವಳು. ನನ್ನ ಮಾತನ್ನೇ ನಂಬಬೇಡಿ, ಅಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಇದರದ್ದೇ ಡಾಕ್ಟರ್ ಇದ್ದಾರೆ, ಪ್ರಿನ್ಸಿಯನ್ನು ಕರಕೊಂಡು ಹೋಗಿ ಕೇಳಿ. ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬಸುರಾದ ಸ್ವಲ್ಪ ದಿನಕ್ಕೇ ಟೆಸ್ಟ್ ಮಾಡಿ ನೋಡ್ಲಿಕ್ಕಾಗ್ತದೆ. ಮದುವೆ ಬೇಕಾ ಬೇಡ್ವಾ ಅಂತ ಹೇಳುದು ನನ್ನ ಕೆಲಸ ಅಲ್ಲ, ನಿಮ್ಮದೂ ಅಲ್ಲ ಅಂತ ಕಾಣ್ತದೆ. ಪ್ರಿನ್ಸಿ ಮತ್ತೆ ಟೆರಿ ಹೇಳ್ಲಿ.”

ಹಿರಿಯರಿಗೆ ಹಾಗೆ ಹೇಳಿದ್ದಕ್ಕೆ ಪ್ಯಾಟ್ರಿಷಿಯಾ ಹಣೆ ಚಚ್ಚಿಕೊಂಡರಂತೆ. ಆದರೆ ಪ್ರಿನ್ಸಿ ಅತ್ತು ಮುಗಿಸಿ, ಡಾಕ್ಟರನ್ನು ಕಂಡು ಬಂದು, ತಾನು ಇದೇ ಮದುವೆ ಆಗುವುದು ಎಂದಳು. ಟೆರೆನ್ಸ್‌ನದು ಮೊದಲಿನಿಂದಲೂ ಅದೇ ಮಾತು. ಡ್ಯಾನಿಯಲ್ ಸ್ವಲ್ಪ ದಿನ ಮುನಿಸಿಕೊಂಡಿದ್ದು, ಕೊನೆಗೆ ತಾವೇ ಪ್ರಿನ್ಸಿಯ ಕೈಹಿಡಿದು ಚರ್ಚಿನೊಳಗೆ ಕರೆತಂದರು.

ಮದುವೆಯಾಗಿ ಮಸ್ಕತ್ತಿಗೆ ಬಂದು ಪ್ರಿನ್ಸಿ ಬಸುರಾದಾಗ ಶೆರ್ಲಿನ್‌ದು ಕೊನೆಯ ವರ್ಷ. ಹೊಟ್ಟೆಯ ಮಗುವಿನ ಪರೀಕ್ಷೆಗೆ ಹೋದ ದಿನ ಅತ್ತಿಗೆಯ ಜೊತೆ ಅವಳೇ ಇದ್ದಳು. ಇಷ್ಟು ದಿನ ಎಲ್ಲರಿಗೂ ಸಮಾಧಾನವಾಗಿ ವಿವರಿಸಿದವಳು, ಉತ್ತರಕ್ಕೆ ಕಾಯುವ ದಿನಗಳಲ್ಲಿ ನನಗೆ ಫೋನ್ ಮಾಡಿ, “ಆಂಟಿ, ನಾನು ಹೇಳದೇ ಇದ್ದಿದ್ರೆ ಅವರು ಈಗ ನೆಮ್ಮದಿಯಲ್ಲಿ ಇರ್ತಿದ್ರು ಅಲ್ವಾ?” ಎಂದು ಕೇಳಿದ್ದಳು. ಊಟ ಮಾಡಿದೆಯಾ ಎಂದಷ್ಟೇ ಕೇಳಿದೆ.

ಮಗುವಿಗೆ ಕಾಯಿಲೆ ಇರಲಿಲ್ಲ. ಅಪ್ಪ, ಅಮ್ಮ, ಅಜ್ಜ, ಅತ್ತೆಯಂತೆ ಅದೂ ವಾಹಕ, ಅಷ್ಟೇ. ಹೆಣ್ಣು ಮಗು ಹುಟ್ಟಿತು. ಹೆಸರು ಲಿಲ್ಲಿ ಎಂದಿಡಲು ಪ್ರಿನ್ಸಿಯೇ ಹೇಳಿದಾಗ ಫ್ರೆಡ್ಡಿ ಎದ್ದು ಬಾಲ್ಕನಿಗೆ ಹೋದರು.

ಶೆರ್ಲಿನ್ ಈಗ ಮಸ್ಕತ್ತಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಇಂಥ ಕುಟುಂಬಗಳಿಗೆ ತಿಳಿಹೇಳುವ ವಿಷಯವನ್ನೇ ಮುಂದೆ ಓದಬೇಕೆಂದಿದ್ದಾಳೆ. ಬಿಡುವಿದ್ದಾಗ ಅವಳೂ ಥುರಯ್ಯಾಳೂ ಕಾಲೇಜುಗಳಿಗೆ ಹೋಗಿ ಮಾತಾಡುತ್ತಾರೆ. ಒಮ್ಮೆ ಕೇಳಲು ನಾನೂ ಹೋಗಿದ್ದೆ. ಒಬ್ಬಳು ವಿದ್ಯಾರ್ಥಿನಿ ಎದ್ದು, ಗೊತ್ತಾದರೆ ಭಯವಾಗುವುದಿಲ್ಲವೇ ಎಂದಳು. ಭಯವಾಗುತ್ತದೆ, ನನಗೂ ಆಗಿತ್ತು ಎಂದು ಶೆರ್ಲಿನ್ ಒಪ್ಪಿಕೊಂಡಳು. ಆಮೇಲೆ ಆ ಹುಡುಗಿಯನ್ನು ಹತ್ತಿರ ಕರೆದು, ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಮಾತು ಮುಂದುವರಿಸಿದಳು.