ಬಾನೆಟ್ಟಿನ ಮೇಲೊಂದು ಅಂಗೈ

ಗುರುಪಾದಪ್ಪ ಅಂಕಲ್ ನಮ್ಮ ಕೈ ಕುಲುಕುವ ಮೊದಲು ನಮ್ಮ ಟ್ರಾಕ್ಟರಿನ ಬಾನೆಟ್ ಮುಟ್ಟುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ, ಅಂಗೈ ಅಗಲಿಸಿ. ನಿಂತ ಗಾಡಿ ಒಳಗೊಳಗೇ ನಡುಗುತ್ತಿದ್ದರೆ ಅವರ ಮುಖ ಸಣ್ಣದಾಗುತ್ತಿತ್ತು.

ಥೇಮ್ಸ್ ದಂಡೆಯ ನಮ್ಮ ಪುಟ್ಟ ಬಂದರಿಗೆ ಅವರು ಯಾರ್ಡ್ ಮ್ಯಾನೇಜರು. ಊರು ಧಾರವಾಡ, ಮನೆ ಈಸ್ಟ್ ಹ್ಯಾಮ್. ನಾನು ಟ್ರೇಲರುಗಳನ್ನು ಹಡಗಿನೊಳಗೆ ಎಳೆದು ಬಿಡುವ ಡ್ರೈವರು. ಮೈಸೂರಿನಿಂದ ಬಂದ ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ ಎಲ್ಲರೂ ಡಾಕ್ಟರು, ನಾನೊಬ್ಬ ಟ್ರಾಕ್ಟರು. ಓದು ಹತ್ತಲಿಲ್ಲ, ಯಾರ ದನಿ ಬೇಕಾದರೂ ತೆಗೆಯುವುದು ಮಾತ್ರ ಹತ್ತಿತು.

ಚಳಿಗೆ ಹೀಟರ್ ಬೇಕೆಂದು ನಾವು ಎಂಜಿನ್ ಆರಿಸದೆಯೇ ಸರದಿ ಕಾಯುತ್ತಿದ್ದೆವು. ಹೊಗೆ ಬೇಲಿಯಾಚೆ ಶಾಲೆಯ ಮೈದಾನಕ್ಕೆ ಹೋಗುತ್ತಿತ್ತು. ಆಫೀಸಿನವರು ಗೋಡೆಗೆಲ್ಲ ಹೊಗೆ ತಗ್ಗಿಸಿ ಎಂಬ ಹಸಿರು ಎಲೆಯ ಪೋಸ್ಟರ್ ಅಂಟಿಸಿದರು. "ಗ್ವಾಡಿ ಮ್ಯಾಲಿನ ಎಲಿ ಹೊಗಿ ಕುಡಿಯೂದಿಲ್ಲೋ ತಮ್ಮಾ," ಎಂದ ಅಂಕಲ್, ಮೊದಲು ತಮ್ಮ ಕ್ಯಾಬಿನ್ನಿನ ಹೀಟರ್ ಆರಿಸಿ ಎರಡು ಸ್ವೆಟರ್, ಒಂದು ಮಂಕಿ ಕ್ಯಾಪ್ ಏರಿಸಿಕೊಂಡು ಕೂತರು. ಆಮೇಲೆ ನಮಗೆ, ನಿಂತಾಗ ಎಂಜಿನ್ ಆರಿಸಿ ಎಂದರು. ನಕ್ಕೆವು. ವಾರ ಕಳೆಯುವಷ್ಟರಲ್ಲಿ ಒಬ್ಬೊಬ್ಬರೇ ನಾಚಿಕೊಂಡು ಆರಿಸತೊಡಗಿದೆವು. ಇದರಿಂದ ಒಂದೇ ಒಂದು ಹಡಗು ತಡವಾದರೂ ಈ ಆಟ ಬಂದ್ ಎಂದು ಮೇಲಿನವರು ಅಂಕಲ್‌ಗೆ ಎಚ್ಚರಿಕೆ ಕೊಟ್ಟಿದ್ದರು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ನನ್ನ ನಾಲಿಗೆ ತುರಿಸಿತು. ವಾಕಿಟಾಕಿ ಹಿಡಿದು, ಅವರದೇ ದನಿಯಲ್ಲಿ, ಅವರದೇ ಧಾರವಾಡದ ಇಂಗ್ಲಿಷಿನಲ್ಲಿ, ಎಲ್ಲರೂ ಈಗಲೇ ಎಂಜಿನ್ ಆರಿಸಿ ಎಂದೆ. ಎಲ್ಲ ಆರಿದವು. ನನ್ನ ನಗು ಮುಗಿಯುವ ಮೊದಲೇ ಗೊತ್ತಾಯಿತು, ಏಳನೇ ನಂಬರ್ ಗಾಡಿ ಮತ್ತೆ ಸ್ಟಾರ್ಟ್ ಆಗುತ್ತಿಲ್ಲ. ಅದರ ಬ್ಯಾಟರಿ ಮುದಿ. ಹೊಸದು ಬರುವವರೆಗೆ ಅಂಕಲ್ ಅದೊಂದನ್ನು ಮಾತ್ರ ಏನೂ ಅನ್ನದೆ ದಾಟಿ ಹೋಗುತ್ತಿದ್ದರಂತೆ. ಅವರ ಕೆಮ್ಮನ್ನೂ ಕಲಿತಿದ್ದ ನಾನು ಇದನ್ನು ನೋಡಿರಲಿಲ್ಲ.

ಗಾಡಿ ನಿಂತದ್ದು ಹಡಗಿನ ಬಾಗಿಲಿಗೆ ಅಡ್ಡಲಾಗಿ. ನದಿಯಲ್ಲಿ ನೀರು ಇಳಿಯುತ್ತಿತ್ತು; ಪೂರ್ತಿ ಇಳಿದರೆ ಮುಂದಿನ ಉಬ್ಬರದವರೆಗೆ ಹಡಗು ಹೊರಡುವಂತಿಲ್ಲ. ಅಂಕಲ್ ತುತ್ತು ಬಿಟ್ಟು ಓಡಿ ಬಂದರು. ಇನ್ನೊಂದು ಗಾಡಿಯ ಬ್ಯಾಟರಿಯಿಂದ ಅದಕ್ಕೆ ಕೇಬಲ್ ಎಳೆದು ಸಿಕ್ಕಿಸಿದರು, ನಾನು ಹತ್ತಿ ಕೂತು ಕೀ ತಿರುಗಿಸುತ್ತಲೇ ಇದ್ದೆ. ಕೊನೆಗೆ ಗಾಡಿ ಎದ್ದಿತು, ಆದರೆ ನೀರು ಕಾಯಲಿಲ್ಲ. ಹಡಗು ಅಲ್ಲೇ ಉಳಿಯಿತು.

ಆರಿಸಲು ಹೇಳಿದ್ದು ಯಾರು ಎಂದು ಆಫೀಸಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಂಕಲ್, ಹೇಳಿದ್ದು ತಾವೇ ಎಂದುಬಿಟ್ಟರು. ಹೊರಗೆ ಬಂದ ಮೇಲೆ, ವಾಪಸ್ ಹೋಗಿ ಒಪ್ಪಿಕೊಳ್ಳುತ್ತೇನೆ ಎಂದೆ.

"ಎಲ್ಲಾರೂ ನನ್ನ ದನಿ ಕೇಳ್ಯಾರ, ಕೇಳಿ ಆರಿಸ್ಯಾರ. ನನಗ ಅಷ್ಟ ಸಾಕು. ನೀ ನಡುವ ಬರಬ್ಯಾಡ."

"ಕೆಲಸ ಹೋದ್ರೆ ಅಂಕಲ್?"

"ಹೋದ್ರ ನಂದು ಹೋಗ್ಲಿ. ನಿಂದು ಹೋದ್ರ ನಿಮ್ಮವ್ವಾರು ನನಗ ಇಂಜೆಕ್ಷನ್ ಚುಚ್ಚತಾರ."

ಅವರನ್ನು ಊರಿನ ಆ ತುದಿಗೆ, ಹೇಸ್‌ನ ಗೋದಾಮಿಗೆ ಕಳಿಸಿದರು. ನಾನು ಒಪ್ಪಿಕೊಳ್ಳಲಿಲ್ಲ.

ಅವರ ಕ್ಯಾಬಿನ್ನಿಗೆ ಈಗ ಬೀಗ. ಮೊದಲ ವಾರ ಒಂದು ಎಂಜಿನ್ ಆರದೆ ಉಳಿಯಿತು, ಮರುವಾರ ಮೂರು, ಈಗ ಎಲ್ಲವೂ. ಮೊನ್ನೆ ಶಾಲೆಯ ಗಂಟೆ ಹೊಡೆದು ಮಕ್ಕಳು ಬೇಲಿಯ ಹತ್ತಿರ ಆಡಲು ಬಂದರು. ವಾಕಿಟಾಕಿ ಎತ್ತಿದೆ. ಅಂಕಲ್ ದನಿ ಎಷ್ಟು ತಿಣುಕಿದರೂ ಬರಲಿಲ್ಲ. ನನ್ನದೇ ಒಣಗಿದ ದನಿಯಲ್ಲಿ, ದಯವಿಟ್ಟು ಎಂಜಿನ್ ಆರಿಸಿ ಎಂದೆ.

ಯಾರೂ ಆರಿಸಲಿಲ್ಲ. ಗುರುಗುಟ್ಟುವ ಸದ್ದು ಮಾತ್ರ ಕೇಳುತ್ತಿತ್ತು, ತೀರ ಹತ್ತಿರದಿಂದ. ಬಗ್ಗಿ, ನನ್ನ ಗಾಡಿಯ ಕೀ ತಿರುಗಿಸಿ ಎಂಜಿನ್ ಆರಿಸಿದೆ.