ಎದುರಂಗಡಿಯ ಲೈನು

ಉಪ್ಪುಂದ ಪೇಟೆಯಲ್ಲಿ ನಮ್ಮದು ಮೊದಲು ಎಸ್‌ಟಿಡಿ ಬೂತ್. ಇಂಟರ್‌ನೆಟ್ಟಿನಲ್ಲಿ ಗಲ್ಫಿಗೆ ಕಡಿಮೆ ದರಕ್ಕೆ ಮಾತಾಡಬಹುದೆಂದು ಗೊತ್ತಾದ ಮೇಲೆ ನಾನೂ ನನ್ನ ಗಂಡನೂ ಒಂದು ಕಂಪ್ಯೂಟರ್ ತಂದಿಟ್ಟೆವು. ಶುಕ್ರವಾರ ಅಲ್ಲಿ ರಜೆ. ಅಂದು ನಮ್ಮ ಬೆಂಚು ಬೆಳಗ್ಗೆಯೇ ತುಂಬುತ್ತಿತ್ತು.

ನೆಟ್ ಕರೆಯಲ್ಲಿ ಮಾತು ತಡವಾಗಿ ಮುಟ್ಟುತ್ತಿತ್ತು. ಒಮ್ಮೊಮ್ಮೆ ನಮ್ಮ ದನಿಯೇ ನಮಗೆ ವಾಪಸು ಕೇಳುತ್ತಿತ್ತು. ಹತ್ತಿರದ ನಾವುಂದ ಊರಿನಿಂದ ಒಬ್ಬ ಅಮ್ಮ ಬರುತ್ತಿದ್ದರು. ಅವರ ಒಬ್ಬನೇ ಮಗ ಮಸ್ಕತ್ತಿನಲ್ಲಿ ಕಟ್ಟಡದ ಕೆಲಸಕ್ಕಿದ್ದ. ಮೊದಲ ದಿನ ಅವರು ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟುಬಿಟ್ಟರು.

"ನಾ ಹೇಳಿದ್ದನ್ನೇ ತಿರ್ಗಿ ಹೇಳ್ತ. ಅಣಕ್ಸುದಾ ಎಂತ?"

ನಕ್ಕು, ಮತ್ತೆ ಕಿವಿಗೆ ಹಾಕಿದೆ.

ಮರುವರ್ಷ ಮುಂಬೈಯಿಂದ ಊರಿಗೆ ಮರಳಿದವರೊಬ್ಬರು ನಮ್ಮೆದುರೇ ಅಂಗಡಿ ತೆರೆದರು. ಅವರ ಲೈನು ಚುರುಕು, ದರವೂ ಕಡಿಮೆ. ನಾವು ಇಳಿಸಿದೆವು, ಅವರು ಇನ್ನೂ ಇಳಿಸಿದರು. ಅವರು ಫ್ಯಾನ್ ಹಾಕಿಸಿದರೆ ನಾವು ಬೂತಿಗೆ ಪರದೆ ಕಟ್ಟಿದೆವು. ಆದರೂ ಬೆಂಚು ಅರ್ಧ ಖಾಲಿಯಾಯಿತು. ಎರಡು ಅಂಗಡಿಗಳ ನಡುವೆ ಮಾತಿರಲಿಲ್ಲ.

ಒಂದು ಶುಕ್ರವಾರ ಆ ಅಮ್ಮ ಏದುಸಿರು ಬಿಡುತ್ತಾ ಬಂದರು. ಮಗ ಕೆಲಸದ ಜಾಗದಲ್ಲಿ ಮೇಲಿನಿಂದ ಬಿದ್ದನೆಂದು ಯಾರೋ ಹೇಳಿದ್ದರಂತೆ. ನಂಬರ್ ಒತ್ತಿದೆ. ಆ ಕಡೆ ಯಾರೋ 'ಹಲೋ' ಎಂದದ್ದಷ್ಟೇ, ಆಮೇಲೆ ಬರೀ ಗರಗರ. ಮತ್ತೆ ಒತ್ತಿದರೂ ಹಾಗೆಯೇ.

"ಎಂತದೂ ಕೇಂತಿಲ್ಲೆ ಮಗಾ," ಎಂದು ಅವರು ಅಳತೊಡಗಿದರು.

"ಎದುರಂಗ್ಡಿಗ್ ಹ್ವಾಪ, ಬನಿ."

"ಅವ್ರಿಗೂ ನಿಂಗೂ ಮಾತಿಲ್ಲೆ ಅಲ್ದಾ?"

ಅವರ ಕೈ ಹಿಡಿದು ರಸ್ತೆ ದಾಟಿದೆ. ನಮ್ಮ ಮುಖ ಕಂಡದ್ದೇ ಆ ಅಂಗಡಿಯವರು ಎದ್ದು, ತಮ್ಮ ಕುರ್ಚಿಯನ್ನೇ ಎಳೆದುಕೊಟ್ಟರು. "ಕೂಕಣಿ ಅಮ್ಮ, ಹೆದ್ರ್‌ಬೇಡಿ." ಕರೆ ಹೋಯಿತು. ಎತ್ತಿದ್ದು ಮಗನೇ. ಅಮ್ಮ ಕೇಳುತ್ತಾ ಕುಳಿತರು, ಕೊನೆಗೆ ಕಣ್ಣೊರೆಸಿಕೊಂಡು, "ಊಟ ಮಾಡ್ದ್ಯಾ?" ಎಂದರು. ನನ್ನ ಕಡೆ ತಿರುಗಿ, "ಕೈ ಮುರ್ದದ್ದ್ ಅಷ್ಟೇ ಅಂಬ್ರ್," ಎಂದರು.

ಅಂದಿನಿಂದ ಆ ಅಮ್ಮ ಎದುರಂಗಡಿಗೇ ಹೋಗತೊಡಗಿದರು. "ಅಲ್ಲಿ ಸಮಾ ಕೇಂತ್. ಬೇಜಾರ್ ಮಾಡ್ಕಣ್‌ಬೇಡ ಮಗಾ." ಬೇಜಾರು ಆಗದೆ ಇರಲಿಲ್ಲ. ಆದರೆ ಕೆಲವು ವಾರಗಳ ಮೇಲೆ ಎದುರಂಗಡಿಯವರೇ ನಮ್ಮ ಮೆಟ್ಟಿಲ ಬಳಿ ನಿಂತಿದ್ದರು. "ನಮ್ ಲೈನ್ ಹೋಯ್ತ್ ಅಕ್ಕ. ಕಾದ್ ಕೂತವ್ರನ್ನ ಇಲ್ಲಿಗ್ ಕಳ್ಸ್ಲಾ?" ಆಮೇಲೆ ಇಬ್ಬರೂ ದರ ಇಳಿಸಲಿಲ್ಲ.

ಎಲ್ಲರ ಕೈಗೂ ಮೊಬೈಲ್ ಬಂದು ಎರಡೂ ಅಂಗಡಿ ಮುಚ್ಚಿದವು. ನಾನು ಹೊಲಿಗೆಗೆ ಕುಳಿತೆ. ಎದುರಂಗಡಿಯವರು ಬೈಂದೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟರು. ನನ್ನ ಮೊದಲ ಟಚ್ ಫೋನ್ ಅಲ್ಲೇ ಕೊಂಡೆ. ಇಂಟರ್‌ನೆಟ್ಟಿನಲ್ಲಿ ಮಾತಾಡುವ ಆ್ಯಪ್ ಹಾಕಿಕೊಟ್ಟು, "ಮೊದ್ಲ್ ಯಾರಿಗ್ ಮಾಡುದ್ ಅಕ್ಕ?" ಎಂದು ಕೇಳಿದರು. ಅಷ್ಟು ವರ್ಷ ಊರಿಗೆಲ್ಲ ಪರದೇಶದ ಕರೆ ಹಚ್ಚಿಕೊಟ್ಟ ನನಗೆ ಅಲ್ಲಿ ನನ್ನವರೆಂದು ಯಾರೂ ಇರಲಿಲ್ಲ. ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದ ಗಂಡನಿಗೇ ಮಾಡಿದೆ.